ನಲವತ್ತೊಂದು ಕೊನೆಯ ಹಾಳೆಗಳು

ಬ್ಲೋರಾ
ಮಂಗಳವಾರ, ಜೂನ್ 11, 1996

ಪ್ರೀತಿಯ ನಿಂಗ್ರುಮ್ ಅಕ್ಕಾ,

ಇಲ್ಲ. ಅದೊಂದು ಮಾತ್ರ ಅಲ್ಲ. ನನ್ನನ್ನು ಒರಟ ಅನ್ನು, ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ಅನ್ನು, ಕೇಳಿಸಿಕೊಳ್ಳುತ್ತೇನೆ, ನಿಜ ತಾನೇ. ಆದರೆ ಭಾನುವಾರ ಫೋನಿನಲ್ಲಿ ನೀನು ನನಗೆ ಹೊಟ್ಟೆಕಿಚ್ಚು ಅಂದೆಯಲ್ಲ, ಅದು ಶುದ್ಧ ಸುಳ್ಳು. ಅಂದವಳು ಫೋನನ್ನೂ ಇಟ್ಟುಬಿಟ್ಟೆ. ಫೋನ್ ಅಂಗಡಿಯ ಗಾಜಿನ ಗೂಡಿನೊಳಗೆ ನಾನೊಬ್ಬನೇ "ಕೇಳೇ, ಮೊದ್ಲು ಕೇಳು" ಅಂತ ಕೂಗುತ್ತಿದ್ದೆ. ಹೊರಗೆ ಸರದಿಯಲ್ಲಿ ನಿಂತವರು ನಗುತ್ತಿದ್ದರು. ಒಬ್ಬ ಬಾಗಿಲು ತಟ್ಟಿ, "ಏನಪ್ಪಾ, ಹುಡುಗಿ ಕೈಕೊಟ್ಳಾ?" ಅಂತ ಕೇಳಿದ. ಅಂಗಡಿ ಪುಸ್ತಕಗಳ ಬಗ್ಗೆ ನೀನು ಕಳಿಸಿದ ಕಾಗದಕ್ಕೆ ನಾನು ಸಹಿ ಹಾಕದೆ ಇರುವುದಕ್ಕೆ ಕಾರಣ ಬೇರೆಯೇ ಇದೆ. ಅದನ್ನು ಹೇಳಲು ನೀನು ಬಿಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಕಾಗದ ಬರೆದು ಎಷ್ಟು ವರ್ಷ ಆಯಿತೋ ನನಗೇ ನೆನಪಿಲ್ಲ.

ಮೊದಲು ಕ್ಷೇಮ ಕೇಳಬೇಕಂತೆ. ಅಮ್ಮ ಹಿಂದೆ ನಿಂತು ಹೇಳುತ್ತಿದ್ದಾಳೆ. ಹೊಟ್ಟೆನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಪರೀಕ್ಷೆ ಅಂತ ಬರೀ ಕಾಫಿ ಕುಡಿಯುತ್ತೀಯೋ? ಅಮ್ಮನ ಮಂಡಿ ಹಾಗೇ ಇದೆ. ಬೆಳಗ್ಗೆ ಸೋಯಾಕಾಳಿನ ಟೆಂಪೆ ಕರಿಯಲು ಕೂತರೆ ಏಳುವಾಗ ನಾನು ಕೈ ಕೊಡಬೇಕು, ಕೊಟ್ಟರೆ "ಬಿಡೋ, ನಾನೇನು ಮುದುಕೀನಾ" ಅಂತ ಬೈಯುತ್ತಾಳೆ. ನಾನು ಚೆನ್ನಾಗಿದ್ದೇನೆ. ಅಂಗಡಿ ಚೆನ್ನಾಗಿಲ್ಲ. ಬಾಡಿಗೆಗೆ ಪುಸ್ತಕ ಕೇಳಿ ಬರುವ ಮಕ್ಕಳಿಗೆಲ್ಲ ಈಗ ಜಪಾನಿನ ಚಿತ್ರಕಥೆಯೇ ಬೇಕು. ಅಜ್ಜ ಇದ್ದಿದ್ದರೆ ಅವನ್ನೂ ಓದಿ, ಆಮೇಲೆ ಬೈಯುತ್ತಿದ್ದ. ನಾನು ಓದದೆಯೇ ಬೈಯುತ್ತೇನೆ.

ಈಗ ವಿಷಯ. ನೀನು ಕಳಿಸಿದ ನಿನ್ನ ಪ್ರಬಂಧದ ಅಧ್ಯಾಯವನ್ನು ಮೂರು ಸಲ ಓದಿದೆ. ಹೌದು, ನಾನೇ ಓದಿದೆ, ನಗಬೇಡ. ಮೊದಲ ಸಲ ತಲೆ ಕೆಟ್ಟಿತು. ಎರಡನೇ ಸಲ ಸ್ವಲ್ಪ ಹಾದಿ ಕಂಡಿತು. ಡಚ್ಚರ ಕಾಲದ ಪಾಠಪುಸ್ತಕಗಳಲ್ಲಿ ಒಳ್ಳೆಯ ಮಗು ಅಂದರೆ ಕೈಕಟ್ಟಿ ಕೂತ ಮಗು. ಸ್ವಾತಂತ್ರ್ಯ ಬಂದಮೇಲೆ ಒಳ್ಳೆಯ ಮಗು ಅಂದರೆ ಬಿದಿರು ಈಟಿ ಹಿಡಿದ ಮಗು. ಆಮೇಲೆ ಮತ್ತೆ ಕೈಕಟ್ಟಿ ಕೂತ ಮಗು. ಇದನ್ನೇ ನೀನು ಹದಿನೆಂಟು ಪುಟ ಬರೆದಿದ್ದೀಯ, ಆದರೆ ಸರಿಯಾಗಿಯೇ ಬರೆದಿದ್ದೀಯ. ಪ್ರಾಣಿ ಕಥೆ, ಭೂತದ ಕಥೆ, ಸಾಹಸದ ಕಥೆ, ನೀತಿ ಕಥೆ ಅಂತ ಬೇರೆ ಬೇರೆ ಮಾಡಿದ್ದೀಯಲ್ಲ, ಅಲ್ಲಿ ನನಗೆ ನಗು ಬಂತು. ಅಂಗಡಿಯಲ್ಲಿ ಅಜ್ಜ ಜೋಡಿಸುತ್ತಿದ್ದ ಲೆಕ್ಕವೇ ಬೇರೆ. ಅದೇ ದಿನ ವಾಪಸ್ ಬರುವ ಪುಸ್ತಕ ಮೇಲಿನ ಹಲಗೆಗೆ. ಚಾಪೆ ಕೆಳಗೆ ಬಚ್ಚಿಟ್ಟು ಓದಿ, ಮೂಲೆ ಮಡಚಿ ತರುವ ಪುಸ್ತಕ ನಡುವಿನದಕ್ಕೆ. "ಏನ್ ಪುಸ್ತಕ ಕೊಟ್ರಿ, ಮಗ ರಾತ್ರಿಯೆಲ್ಲ ಹೆದರ್ಕೊಂಡು ಹಾಸಿಗೇಲಿ ಉಚ್ಚೆ ಹೊಯ್ದ" ಅಂತ ತಾಯಂದಿರೇ ಬಂದು ಬಿಸಾಡಿ ಹೋಗುವ ಪುಸ್ತಕ ಅಜ್ಜನ ಪಕ್ಕದ ಹಲಗೆಗೆ. ಅವಕ್ಕೇ ಹೆಚ್ಚು ಬೇಡಿಕೆ. ಅದನ್ನೂ ನಿನ್ನ ಪ್ರಬಂಧದಲ್ಲಿ ಹಾಕಬಹುದಿತ್ತು, ನೀನು ಕೇಳಲಿಲ್ಲ.

ಮೂರನೇ ಸಲ ಓದಿದಾಗ ಒಂದು ಕಡೆ ನಿಂತುಬಿಟ್ಟೆ. ಕಳೆದ ವರ್ಷ ನೀನು ನಮ್ಮ ಅಂಗಡಿಯಿಂದ ಚೀಲ ತುಂಬಿ ತೆಗೆದುಕೊಂಡು ಹೋದ ನಲವತ್ತಮೂರು ಚಿಕ್ಕ ಪುಸ್ತಕಗಳು ಇದ್ದವಲ್ಲ, ಮುಚ್ಚಿಹೋದ ಆ ಒಂದೇ ಪ್ರೆಸ್ಸಿನವು, ಯಾವ ಲೈಬ್ರರಿಯಲ್ಲೂ ಸಿಗದವು. ದೇಶದ ಮಕ್ಕಳ ಪುಸ್ತಕಗಳೆಲ್ಲ ಕೊನೆಯಲ್ಲಿ ನೀತಿ ಹೇಳುತ್ತಿದ್ದ ಕಾಲದಲ್ಲಿ ಅವು ಮಾತ್ರ ಹೇಳಲಿಲ್ಲ, ಕಥೆಯನ್ನು ಮುಗಿಸದೆ ಮಗುವಿನ ಕೈಗೇ ಬಿಟ್ಟವು, ಅದು ದೊಡ್ಡ ಧೈರ್ಯ ಅಂತ ಬರೆದಿದ್ದೀಯ. ಕದ್ದು ತೇಗ ಕಡಿಯುವವನ ಮಗಳ ಕಥೆಗೇ ಆರು ಪುಟ. ನವಿಲಿನ ಹಿಂದೆ ಕಾಡಿಗೆ ಹೋದ ಹುಡುಗಿ, ಕತ್ತಲಾಗುತ್ತದೆ, ಎರಡು ದಿಕ್ಕಿನಿಂದ ಎರಡು ದನಿ ಅವಳ ಹೆಸರು ಹಿಡಿದು ಕರೆಯುತ್ತವೆ, ಒಂದು ಅಮ್ಮನದು, ಇನ್ನೊಂದು ಅಮ್ಮನದಲ್ಲ, ಯಾವುದು ಯಾವುದೋ ಗೊತ್ತಿಲ್ಲ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಬರೆದವನು ಓದುವ ಮಗುವನ್ನು ನಂಬಿದ್ದಾನೆ ಅಂತ ನೀನು ಎಷ್ಟು ಚೆನ್ನಾಗಿ ಬರೆದಿದ್ದೀಯ ಅಂದರೆ, ಓದುತ್ತಾ ನನಗೂ ಹೌದಲ್ಲ ಅನ್ನಿಸಿಬಿಟ್ಟಿತು.

ಅಕ್ಕಾ, ಅಲ್ಲಿಗೆ ಮುಗಿಯುವುದಿಲ್ಲ. ಇನ್ನೊಂದು ಹಾಳೆ ಇದೆ. ಎಲ್ಲ ಪುಸ್ತಕಕ್ಕೂ ಇತ್ತು. ಅಜ್ಜ ಕತ್ತರಿಸಿ ಇಟ್ಟುಕೊಂಡಿದ್ದ.

ಶುರುವಿನಲ್ಲಿ ಅಂಗಡಿಯ ಪುಸ್ತಕಗಳು ವಾಪಸ್ಸೇ ಬರುತ್ತಿರಲಿಲ್ಲವಂತೆ. ಠೇವಣಿ ಇಡು ಅಂದರೆ ತೇಗದ ಕೂಲಿಗಳ ಮಕ್ಕಳು ಏನು ಇಡುತ್ತಾರೆ, ಮೂಗಿನ ಸಿಂಬಳವಾ? ಅದಕ್ಕೆ ಅಜ್ಜ ಉಪಾಯ ಮಾಡಿದ. ಹೊಸ ಪುಸ್ತಕ ಬಂದ ತಕ್ಷಣ ಬ್ಲೇಡಿನಿಂದ ಕೊನೆಯ ಹಾಳೆ ತೆಗೆದು, ಕತ್ತರಿಸಿದ ಅಂಚು ಕಾಣದ ಹಾಗೆ ಸಿಮೆಂಟ್ ಚೀಲದ ಕಾಗದ ಅಂಟಿಸಿ, ದಾರ ಹಾಕಿ ಹೊಲಿಯುತ್ತಿದ್ದ. ಹಾಳೆಗಳು ಬಿಸ್ಕತ್ತಿನ ಡಬ್ಬಿಯಲ್ಲಿ. ಪುಸ್ತಕ ವಾಪಸ್ ತಂದವರನ್ನು ಅಲ್ಲೇ ಕೂರಿಸಿ ಕೊನೆಯ ಹಾಳೆ ಓದಲು ಕೊಡುವುದು. ಓದಿ ಡಬ್ಬಿಗೆ ಹಾಕಿ ಹೋಗಬೇಕು. ಮಳೆ ಬರಲಿ ಬಿಡಲಿ, ಜ್ವರ ಬಂದಿರಲಿ, ಮಕ್ಕಳು ಪುಸ್ತಕ ಎದೆಗೆ ಅವುಚಿಕೊಂಡು ಓಡಿ ಬರುತ್ತಿದ್ದರು. ಒಂದೂ ಪುಸ್ತಕ ಕಳೆಯಲಿಲ್ಲ.

ನಿನಗೆ ಇದು ಗೊತ್ತಿಲ್ಲದೆ ಇರುವುದು ನಿನ್ನ ತಪ್ಪಲ್ಲ. ಅಪ್ಪ ಸತ್ತ ವರ್ಷವೇ ನಿನ್ನನ್ನು ಸೆಮಾರಾಂಗಿನ ಚಿಕ್ಕಮ್ಮನ ಮನೆಗೆ ಓದಲು ಕಳಿಸಿದರು. ಹಬ್ಬಕ್ಕೆ ಎರಡು ದಿನ ಬರುತ್ತಿದ್ದೆ, ಆಗ ಅಂಗಡಿ ಮುಚ್ಚಿರುತ್ತಿತ್ತು. ಟೀಚರಾಗಿದ್ದ ಆ ಚಿಕ್ಕಮ್ಮನೋ, ಅಂಗಡಿ ಪುಸ್ತಕ ಮುಟ್ಟಿದರೆ ನಿನ್ನ ಕೈ ತೊಳೆಸುತ್ತಿದ್ದಳು. ಮುಂದಿನದು ನನ್ನ ತಪ್ಪು. ಕಳೆದ ವರ್ಷ ನೀನು ಪುಸ್ತಕ ಕೇಳಿದೆ, ನಾನು ಪುಸ್ತಕ ಕೊಟ್ಟೆ. ಹಾಳೆ ಕೇಳಲಿಲ್ಲ, ಕೊಡಲಿಲ್ಲ. ನೆನಪೇ ಆಗಲಿಲ್ಲ ಅಂದರೆ ನಂಬುತ್ತೀಯಾ? ನೀನು ಅವನ್ನು ಒಂದೊಂದಾಗಿ ಒರೆಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಿದ್ದಾಗ ನಾನು ನೋಡುತ್ತಾ ನಿಂತಿದ್ದೆ. ಇಷ್ಟು ಓದಿದವಳಿಗೆ ಗೊತ್ತಿರದೆ ಇರುತ್ತದಾ ಅಂದುಕೊಂಡೆನೋ, ಏನಂದುಕೊಂಡೆನೋ, ಈಗ ಯೋಚಿಸಿದರೆ ಹೊಳೆಯುತ್ತಿಲ್ಲ.

ಗುರುವಾರ ಎಲ್ಲರ ಮುಂದೆ ನಿನ್ನ ಮೌಖಿಕ ಪರೀಕ್ಷೆ. ಈ ಪುಸ್ತಕಗಳು ಅಚ್ಚಾದ ಹಾಗೇ ಪೂರ್ತಿಯಾಗಿ ಇವೆ ಅಂತ ಮನೆಯವರೊಬ್ಬರು ಸಹಿ ಹಾಕಿ ಕೊಡದಿದ್ದರೆ ಆ ಅಧ್ಯಾಯ ಹೋಯಿತು, ಅಧ್ಯಾಯ ಹೋದರೆ ಡಿಗ್ರಿ ಹೋಯಿತು, ನಿನಗೆ ಸಿಗಲಿದ್ದ ಕಾಲೇಜಿನ ಕೆಲಸವೂ ಹೋಯಿತು. ಅಷ್ಟು ನನಗೂ ಅರ್ಥವಾಗುತ್ತದೆ. ಅದಕ್ಕೇ ಎರಡು ವಾರದಿಂದ ಆ ಕಾಗದ ಚಾಪೆ ಕೆಳಗಿಟ್ಟುಕೊಂಡು ನಿದ್ದೆಗೆಟ್ಟಿದ್ದೇನೆ. ಹಾಕಿದರೆ ಸುಳ್ಳು. ಹಾಕದಿದ್ದರೆ ನೀನು ಹಾಳು. ಯಾರಾದರೂ ಒಬ್ಬ ಮುದುಕ ತನ್ನ ಪೆಟ್ಟಿಗೆಯಿಂದ ಪೂರ್ತಿ ಪುಸ್ತಕ ತೆಗೆದು ನಿನ್ನ ಪ್ರೊಫೆಸರಮ್ಮನ ಮುಂದೆ ಇಟ್ಟರೆ? ಅಷ್ಟು ಜನರ ಮುಂದೆ ನಿನ್ನ ಮುಖ ಹೇಗಾಗುತ್ತದೆ ಅಂತ ಯೋಚಿಸುತ್ತೇನೆ. ಯಾರೂ ತರದಿದ್ದರೆ? ಆಗ ಸುಳ್ಳೇ ಪಾಠವಾಗಿಬಿಡುತ್ತದೆ, ನಿನ್ನ ಹಾಗೇ ಇನ್ನೊಬ್ಬಳು ಬಂದು ಅದರ ಮೇಲೆ ಆರು ಪುಟ ಬರೆಯುತ್ತಾಳೆ.

ನಿನ್ನೆ ಅಮ್ಮನಿಗೆ ಎಲ್ಲ ಹೇಳಿದೆ. ಹೇಳಬಾರದಿತ್ತು. ಅಮ್ಮ ಬಾಣಲೆ ಕೆಳಗಿಳಿಸಿ, "ಸಹಿ ಹಾಕೋ. ಆ ಹಾಳೆಗಳನ್ನ ಇಲ್ಲಿ ಕೊಡು, ಒಲೆಗೆ ಹಾಕ್ತೀನಿ" ಅಂದಳು. "ಅಮ್ಮಾ, ಅದು ಅಜ್ಜನದು" ಅಂದೆ. "ಅಜ್ಜ ಸತ್ತ. ನನ್ನ ಮಗಳು ಬದುಕಿದ್ದಾಳೆ. ಆರು ವರ್ಷದ ಕೂಸನ್ನ ಬಸ್ ಹತ್ತಿಸಿ ಕಳಿಸ್ದೆನಲ್ಲ, ಯಾಕೆ ಅಂದ್ಕೊಂಡಿದೀಯ? ಒಂದು ಹಾಳೆ ಕಡಿಮೆ ಆಯ್ತು ಅಂತ ವಾಪಸ್ ಬರಲಿ ಅಂತಾನಾ?" ಅಮ್ಮ ಹೇಳುವುದು ಸರಿಯೋ ತಪ್ಪೋ ನನಗೆ ಹೇಳಲಾಗುತ್ತಿಲ್ಲ. ತಪ್ಪು ಅಂತ ಗೊತ್ತು, ಆದರೂ ಹೇಳಲಾಗುತ್ತಿಲ್ಲ.

ಇನ್ನೂ ಒಂದು ಇದೆ, ಅದು ಇನ್ನೂ ತಲೆ ಕೆಡಿಸುತ್ತಿದೆ. ನೀನು ಒಯ್ದ ಪುಸ್ತಕಗಳ ಕೊನೆಯ ಹಾಳೆಗಳನ್ನು ಮೊನ್ನೆ ತೆಗೆದು ಓದಿದೆ. ಎರಡನ್ನು ಗೆದ್ದಲು ತಿಂದಿದೆ, ನಲವತ್ತೊಂದು ಉಳಿದಿವೆ. ಎಲ್ಲದರಲ್ಲೂ ಒಂದೇ ಗೋಳು. ಆ ತೇಗದ ಹುಡುಗಿಯದು ಹೀಗಿದೆ: ಕರೆದದ್ದು ಅವಳ ತಾಯಿಯೇ, ಇನ್ನೊಂದು ದನಿ ಗಾಳಿಯದು, ಹುಡುಗಿ ಮನೆಗೆ ಬಂದು ಕಾಲು ತೊಳೆದು ಊಟ ಮಾಡಿದಳು, ಮಕ್ಕಳೇ, ದೊಡ್ಡವರ ಮಾತು ಕೇಳಿ. ಕೆಳಗೆ ಪ್ರೆಸ್ಸಿನ ಒಂದು ಠಸ್ಸೆ. ಅಷ್ಟೇ. ನನಗೆ ಏಳು ವರ್ಷ ಇದ್ದಾಗ ಆ ಹಾಳೆ ಓದಿ "ಇಷ್ಟೇನಾ?" ಅಂತ ಅತ್ತಿದ್ದೆನಂತೆ. ಯಾಕೆಂದರೆ ಹಾಳೆ ಕೊಡುವ ಮುಂಚೆ ಅಜ್ಜ ಪ್ರತಿಯೊಬ್ಬರನ್ನೂ ಕೇಳುತ್ತಿದ್ದ, "ನೀನು ಹೇಳು, ಏನಾಯ್ತು?" ಅಂತ. ಎರಡು ರಾತ್ರಿ ಮಲಗಿ ಯೋಚಿಸಿದ್ದನ್ನು ನಾವು ಹೇಳುತ್ತಿದ್ದೆವು. ನಾನು ಹೇಳಿದ್ದು ನೆನಪಿದೆ: ಎರಡೂ ಅಮ್ಮನ ದನಿಯೇ, ಒಂದು ಬೈಯುವ ಅಮ್ಮ, ಇನ್ನೊಂದು ಅಳುವ ಅಮ್ಮ, ಹುಡುಗಿ ಯಾವ ಕಡೆ ಹೋದರೂ ಮನೆಯೇ ಸಿಗುತ್ತದೆ. ಅಜ್ಜ ಕನ್ನಡಕ ತೆಗೆದು ನನ್ನನ್ನೇ ನೋಡಿದ. "ಲೇ, ನಿಂದೇ ವಾಸಿ ಕಣೋ. ಈ ಪ್ರೆಸ್ಸಿನೋನಿಗೆ ಹೇಳ್ಬೇಕು" ಅಂದ. ಬೀದಿಯ ಮಕ್ಕಳೆಲ್ಲ ಒಬ್ಬೊಬ್ಬರೂ ಒಂದೊಂದು ಹೇಳುತ್ತಿದ್ದರು. ಕೆಲವರು ಜಗಳವಾಡಿ ಹೊಡೆದಾಡಿಕೊಂಡಿದ್ದೂ ಉಂಟು.

ಹಾಗಾದರೆ ಹೇಳು, ನೀನು ಬರೆದದ್ದು ಸುಳ್ಳಾ, ನಿಜವಾ? ಪುಸ್ತಕದ ವಿಷಯದಲ್ಲಿ ನೀನು ಹೇಳಿದ್ದು ಪೂರ್ತಿ ತಪ್ಪು. ಓದಿದ ಮಕ್ಕಳ ವಿಷಯದಲ್ಲಿ ಪೂರ್ತಿ ಸರಿ. ಮಕ್ಕಳನ್ನು ನಂಬಿದವನು ಬರೆದವನಲ್ಲ, ಬಾಡಿಗೆಗೆ ಕೊಟ್ಟವನು. ಅವನೂ ನಂಬಿ ಮಾಡಿದ್ದಲ್ಲ, ಪುಸ್ತಕ ವಾಪಸ್ ಬರಲಿ ಅಂತ ಮಾಡಿದ್ದು. ಅಥವಾ ಬರುಬರುತ್ತಾ ನಂಬಿದನೇನೋ. ಇದನ್ನು ಯಾವ ಕಪಾಟಿಗೆ ಹಾಕುತ್ತೀರಿ ನೀವು ಓದಿದವರು? ನನಗೆ ಗೊತ್ತಾಗುವುದಿಲ್ಲ. ನಾನು ಎಂಟನೇ ಕ್ಲಾಸು. ಅಜ್ಜನ ಕಣ್ಣು ಹೋದಾಗ ಅಂಗಡಿಯಲ್ಲಿ ಕೂರಲು ಯಾರಾದರೂ ಬೇಕಿತ್ತು, ನಾನು ಕೂತೆ, ನನಗೇನೂ ಬೇಸರವಿಲ್ಲ. ಇದೆ, ಸ್ವಲ್ಪ ಇದೆ. ಆದರೆ ನೀನು ಫೋನಿನಲ್ಲಿ ಅಂದ ಬಗೆಯದಲ್ಲ. ನೀನು ಗೆದ್ದು ಬಂದರೆ ಈ ಬೀದಿಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುವವನು ನಾನೇ.

ಈಗ ಏನು ಮಾಡಬೇಕು ಅಂತ ನೀನೇ ಹೇಳು. ನಿಜ ಗೊತ್ತಿದ್ದೂ ಸಹಿ ಹಾಕು ಅಂದರೆ ಹಾಕುತ್ತೇನೆ ಅಂತ ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತದಲ್ಲ ಆ ಮಸಿ, ಅದು ಅದೇ. ಹಾಕುವುದಿಲ್ಲ. ಹಾಕಲಾಗುವುದಿಲ್ಲ. ಸಿಟ್ಟು ಮಾಡಿಕೊಳ್ಳಬೇಡ ಅಂತಲೂ ಹೇಳುವುದಿಲ್ಲ, ಮಾಡಿಕೋ. ಇದನ್ನು ತುರ್ತು ಅಂಚೆಗೆ ಹಾಕುತ್ತೇನೆ, ನಾಳೆ ಸಂಜೆಗೆ ಸಿಗುತ್ತದಂತೆ.

ಅಮ್ಮ ಆಶೀರ್ವಾದ ಹೇಳಿದ್ದಾಳೆ, ಖಾರ ತಿನ್ನಬೇಡ ಅಂದಿದ್ದಾಳೆ. ನಿನ್ನ ಪ್ರೊಫೆಸರಮ್ಮನಿಗೆ ನನ್ನ ನಮಸ್ಕಾರ ಹೇಳಬೇಡ.

ನಿನ್ನ ತಮ್ಮ,
ಕರ್ಯಾದಿ

ಮರೆತ ಮಾತು: ಲಕೋಟೆ ಹುಡುಕಲು ಚಾಪೆ ಎತ್ತಿದೆ. ನಿನ್ನ ಕಾಗದ ಅಲ್ಲಿಲ್ಲ. ಅಮ್ಮನೇ ನನ್ನ ಹೆಸರು ಬರೆದು, ಪಕ್ಕದ ಮನೆಯ ಪಾರ್ಮಿನ್ ಮಾಮನ ಮೊಟ್ಟೆ ಲಾರಿಯಲ್ಲಿ ಇವತ್ತು ಬೆಳಗ್ಗೆ ನಿನ್ನ ಯೂನಿವರ್ಸಿಟಿ ಊರಿಗೆ ಕಳಿಸಿಬಿಟ್ಟಿದ್ದಾಳೆ! ಕೇಳಿದರೆ, "ಆ ಹೆಸರು ಇಟ್ಟೋಳೇ ನಾನು. ಬರೆಯೋಕೆ ನಿನ್ನ ಕೇಳ್ಬೇಕಾ?" ಅನ್ನುತ್ತಾಳೆ. ಅದು ನಿನ್ನ ಕೈಗೆ ಬಂದಿದ್ದರೆ ಯಾರಿಗೂ ಕೊಡಬೇಡ ಅಕ್ಕಾ, ಆ ಸಹಿ ನನ್ನದಲ್ಲ. ಅಂಚೆ ನಂಬುವುದಿಲ್ಲ, ಈ ಕಾಗದವನ್ನೂ ಹಾಳೆಗಳನ್ನೂ ನಾನೇ ತರುತ್ತಿದ್ದೇನೆ, ಸೋಲೋ ಊರಿನಲ್ಲಿ ಬಸ್ಸು ಬದಲಿಸಿದರೆ ಕತ್ತಲಾಗುವ ಮುಂಚೆ ನಿನ್ನ ರೂಮಿನ ಹತ್ತಿರ ಇರುತ್ತೇನೆ. ಬಾಯಿ ತೆರೆದರೆ ಇಬ್ಬರೂ ಕಿತ್ತಾಡುತ್ತೇವೆ, ಅದಕ್ಕೆ ಮೊದಲು ಇದನ್ನು ಓದು, ನಾನು ಹೊರಗೆ ನಿಂತಿರುತ್ತೇನೆ. ಗುರುವಾರ ಆ ಜನರ ಮುಂದೆ ನಿಜ ಹೇಳುತ್ತೀಯೋ, ನನ್ನನ್ನು ಓಡಿಸುತ್ತೀಯೋ, ನೀನು ನಿರ್ಧಾರ ಮಾಡು. ಹೇಳುವುದಾದರೆ ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ, ಅಂಗಡಿಯಲ್ಲಿ ಏನು ನಡೆಯುತ್ತಿತ್ತು ಅಂತ ಅವರು ನನ್ನನ್ನೇ ಕೇಳಲಿ. ಅಮ್ಮ ಬಾಗಿಲಿಗೆ ಅಡ್ಡ ನಿಂತು "ಹೋದ್ರೆ ವಾಪಸ್ ಬರ್ಬೇಡ" ಅಂದಳು. "ಬರ್ದೆ ಎಲ್ಲಿಗೆ ಹೋಗ್ಲಿ" ಅಂತ ಪಕ್ಕದಿಂದ ನುಸುಳಿ ಬಂದೆ. ಈ ಸಾಲನ್ನು ಬೀದಿಯಲ್ಲಿ ನಿಂತು ಬರೆಯುತ್ತಿದ್ದೇನೆ. ಬಾಗಿಲನ್ನು ಎಷ್ಟು ಜೋರಾಗಿ ಬಡಿದೆನೆಂದರೆ ಅದರ ಹಿಡಿ ಕಿತ್ತು ಕೈಗೇ ಬಂದಿದೆ. ಅದನ್ನೂ ಜೇಬಿಗೆ ಹಾಕಿಕೊಂಡು ಹೊರಟೆ.