ಎರವಿನ ಕೋಟಿನ ನಾಲ್ವರು ಇನಾಮದಾರರು

ಕೋಟು ತೊಟ್ಟ ಕುಲದ ಸಮಸ್ತ ಬಾಂಧವರೇ, ಗುಂಡಿ ಕಿತ್ತ ಗಣ್ಯರೇ, ಮತ್ತು ಈ ಮಹಾಸಭೆಗೆ ಮೂಲಕಾರಣರಾದ, ಸಿಂದಗಿಯ ಹಳೆಯ ಫೋಟೊ ಪ್ರದರ್ಶನದ ಮಾನ್ಯ ಅಧಿಕಾರಿಗಳೇ,

ನೀವು ನನ್ನ ಮುತ್ತಜ್ಜನನ್ನು ಕದ್ದಿದ್ದೀರಿ. ಗೋಡೆಯ ಮೊದಲ ಫೋಟೊದ ಕೆಳಗೆ ‘ಬೇಟೆಯ ಆಯುಧದೊಂದಿಗೆ ಇನಾಮದಾರರು’ ಎಂದು ಬರೆಯಿಸಿದ್ದೀರಿ. ಆತ ಇನಾಮದಾರನಲ್ಲ, ಇಂಡಿ ಪೇಟೆಯಲ್ಲಿ ಚೀಲ ಹೊರುತ್ತಿದ್ದ ಹಮಾಲ ಮಲ್ಲಣ್ಣ. ಕೈಯಲ್ಲಿರುವುದು ಚೀಲಕ್ಕೆ ಚುಚ್ಚಿ ಎತ್ತುವ ಕೊಕ್ಕೆ. ಅದರಿಂದ ಆತ ಬೇಟೆಯಾಡಿದ್ದು ಜೋಳವನ್ನು ಮಾತ್ರ.

ಸ್ವಾತಂತ್ರ್ಯಕ್ಕೆ ಮೊದಲು ಇಂಡಿ ಸಂತೆಗೆ ಪೆಟ್ಟಿಗೆ ಕ್ಯಾಮೆರಾ ಹೊತ್ತು ಬರುತ್ತಿದ್ದ ಫೋಟೊದವನ ಬಳಿ ಒಂದೇ ಒಂದು ಕರಿ ಕೋಟಿತ್ತು. ಹಮಾಲನಿರಲಿ, ಕಮ್ಮಾರನಿರಲಿ, ಅದನ್ನೇ ತೊಟ್ಟು ಕೂರಬೇಕು. ಕೋಟು ಎರವಿನದು, ಕೊಕ್ಕೆ ಮಾತ್ರ ಮಲ್ಲಣ್ಣನ ಸ್ವಂತದ್ದು. ಕೆಳಗಿಡು ಎಂದರೂ ಆತ ಇಡಲಿಲ್ಲವಂತೆ. ನಿಮ್ಮ ಗೋಡೆಯ ಮೇಲೆ ಈಗ ನಾಲ್ವರು ಇನಾಮದಾರರಿದ್ದಾರೆ. ನಾಲ್ವರ ಕೋಟಿನಲ್ಲೂ ಮೂರನೆಯ ಗುಂಡಿ ಮಾಯ. ಇನಾಮಿಲ್ಲ, ಜಮೀನಿಲ್ಲ, ಕಾಲಿಗೆ ಮೆಟ್ಟಿಲ್ಲ. ಕುಲಕ್ಕೆಲ್ಲ ಒಂದೇ ಕೋಟು, ಅದಕ್ಕೂ ಗುಂಡಿಯಿಲ್ಲ. ಮಾನ್ಯರೇ, ಕೋಟು ಕಂಡ ಕಣ್ಣಿಗೆ ಕಾಲು ಕಾಣಲಿಲ್ಲವೇ?

ಮಲ್ಲಣ್ಣನ ಮಗಳು, ನನ್ನ ಅಜ್ಜಿ ಗುರವ್ವ, ಈಗ ಎಂಬತ್ತೈದರವಳು. ಆರು ವರ್ಷದವಳಿದ್ದಾಗ ಅಪ್ಪ ತೀರಿಕೊಂಡ. ಅವನ ಮುಖ ಉಳಿದಿರುವುದು ಈ ಫೋಟೊದಲ್ಲಷ್ಟೇ. ಆಕೆಯನ್ನು ಪ್ರದರ್ಶನಕ್ಕೆ ಕರೆದೊಯ್ದೆ. ಓದು ಬಾರದ ಆಕೆ ಫಲಕ ಓದು ಎಂದಳು. ಓದಿದೆ. ಫೋಟೊದ ಹತ್ತಿರ ಹೋಗಿ ಕೇಳಿದಳು: “ತಮ್ಮಾ, ಈ ಇನಾಮದಾರ ನಮ್ಮಪ್ಪನ ಮಾರಿ ಯಾಕ ಹಚ್ಕೊಂಡಾನ?”

ಈ ಪ್ರಶ್ನೆಗೆ ಉತ್ತರವಿರುವ ಕಡತ ನಿಮ್ಮ ಕಚೇರಿಯಲ್ಲಿ ಯಾವ ಕಪಾಟಿನಲ್ಲಿದೆ?

ಹದಿನೈದು ದಿನದೊಳಗೆ ‘ಹಮಾಲ ಮಲ್ಲಣ್ಣ, ಇಂಡಿ’ ಎಂಬ ಫಲಕ ಬರಬೇಕು. ಉಳಿದ ಮೂವರ ಮನೆಯವರನ್ನೂ ಹುಡುಕಿಸಬೇಕು. ಮತ್ತೆ, ಈ ಸುಳ್ಳಿಗೆ ಕಾರಣನಾದವನಿಗೆ ಗುಂಡಿ ಕಿತ್ತ ಕೋಟು ತೊಡಿಸಿ, ಬೆನ್ನಿಗೆ ಜೋಳದ ಚೀಲ ಹೊರಿಸಿ, ಬರಿಗಾಲಲ್ಲಿ ಅದೇ ಗೋಡೆಗೆ ನಿಲ್ಲಿಸಿ. ಕೆಳಗೆ ‘ಹೆಸರಿಲ್ಲದವ’ ಎಂದು ಬರೆಯಿಸಿ. ಕರುಣೆ ಬೇಡ.

ಹುಡುಕುವ ಶ್ರಮವೂ ಬೇಡ. ನಾನು ಈ ಫೋಟೊ ತಂದುಕೊಟ್ಟ ದಿನ ನಿಮ್ಮ ಗುಮಾಸ್ತರು “ಇವ್ರು ಯಾರ್ರಿ?” ಎಂದು ಕೇಳಿದರು. ನನ್ನ ಹಿಂದೆ ಹೊಸ ಬೀಗರು ನಿಂತಿದ್ದರು. “ಇನಾಮದಾರ್ರು ರೀ” ಎಂದವನು ನಾನು. ಆ ಕೋಟು ನೋಡಿಯೇ ನೀವು ಉಳಿದ ಮೂವರನ್ನೂ ಅದೇ ಕುಲಕ್ಕೆ ಸೇರಿಸಿದಿರಿ. ಅಜ್ಜಿಗೆ ಇನ್ನೂ ಹೇಳಿಲ್ಲ.

ಚೀಲ ಹೊರಲು ಯಾವತ್ತು ಬರಲಿ, ತಿಳಿಸಿ.

ಇಂತಿ,
ಹಮಾಲ ಮಲ್ಲಣ್ಣನ ಮರಿಮಗ ಎಂದು ಮೊದಲ ಸಲ ಬರೆದುಕೊಳ್ಳುತ್ತಿರುವ
ಸಿದ್ದಲಿಂಗ, ಬಿ.ಎ.