ಅರ್ಜಿಯ ಹಿಂಬದಿ

ರಾಜಶ್ರೀ ಟೀಚರ್ ಅವರಿಗೆ, ಹಟ್ಟಿ ಚಿನ್ನದ ಗಣಿಯಿಂದ ದುರ್ಗಾದೇವಿಯ ಅಪ್ಪ ಮೈಲಾರಲಿಂಗಪ್ಪ ಮಾಡುವ ನಮಸ್ಕಾರಗಳು.

ನಿಮ್ಮನ್ನು ಲಿಂಗಸುಗೂರಿನಿಂದ ಸಿಂಧನೂರಿಗೆ ಕಳಿಸಿದ್ದು ಆಫೀಸಿನವರಲ್ಲ, ನಾನು. ಮಕ್ಕಳಿಗೆ ಜಾಗ ಸಾಲದು, ಇನ್ನೊಂದು ಕೋಣೆ ಕೊಡಿ ಎಂದು ನಾವು ಹೆತ್ತವರು ಅರ್ಜಿ ಕೊಟ್ಟೆವಲ್ಲ, ಅದನ್ನು ಬರೆದವನು ನಾನೇ. ಅಕ್ಷರ ತಲೆಗೆ ಹತ್ತದ ಮಕ್ಕಳಿಗೂ ಓದು ಕಲಿಸುತ್ತಾರೆ ಎಂದು ನಿಮ್ಮನ್ನು ಬಾಯಿ ತುಂಬ ಹೊಗಳಿದ್ದೆ. ಅದನ್ನು ಓದಿದ ಸಾಹೇಬರು, ಅಂಥವರು ಒಬ್ಬರೂ ಇಲ್ಲದ ಸಿಂಧನೂರಿಗೆ ನಿಮ್ಮನ್ನೇ ಹಾಕಿದರು. ನಮಗೆ ಕೋಣೆಯೂ ಸಿಗಲಿಲ್ಲ.

ನಿಮ್ಮ ಹತ್ತಿರ ಬರುವ ಮೊದಲು ದುರ್ಗಾಳನ್ನು ಮೈಗಳ್ಳಿ ಎಂದು ಹೊಡೆಯುತ್ತಿದ್ದೆ. ನೀವು ರವೆಯ ತಟ್ಟೆಯಲ್ಲಿ ಬೆರಳಿನಿಂದ ಬರೆಸಿದಿರಿ. ಎರಡು ವರ್ಷ, ಗುರುವಾರ ಬಂದರೆ ಜೊತೆ ಕೆಲಸದ ಸಿದ್ದರಾಮೇಶನ ಹತ್ತಿರ ಶಿಫ್ಟ್ ಬದಲಿಸಿಕೊಂಡು, ಗಣಿಯಿಂದ ಮೇಲೆ ಬಂದವನೇ ಅವಳನ್ನು ಲಿಂಗಸುಗೂರಿನ ನಿಮ್ಮ ಕ್ಲಾಸಿಗೆ ಬಸ್ಸು ಹತ್ತಿಸುತ್ತಿದ್ದೆ. ಈಗ ಗುರುವಾರ ಮಲಗಲು ಪುರುಸೊತ್ತಿದೆ, ನಿದ್ದೆ ಬರುತ್ತಿಲ್ಲ. ಶಾಲೆಯಲ್ಲಿ ಅವಳು ಮತ್ತೆ ಹಿಂದಿನ ಬೆಂಚಿಗೆ ಹೋಗಿದ್ದಾಳೆ.

ಕಳೆದ ವಾರ, ನಿಮ್ಮನ್ನು ಮರಳಿ ಕೊಡಿ ಎಂಬ ಹೊಸ ಅರ್ಜಿಗೆ ಹದಿನೇಳು ಜನರ ಸಹಿ ಹಾಕಿಸಿದೆ. ನಿಮ್ಮ ಒಪ್ಪಿಗೆ ಕೇಳಲು ಮಸ್ಕಿಯಲ್ಲಿ ಬಸ್ಸು ಬದಲಿಸಿ ಸಿಂಧನೂರಿಗೆ ಬಂದಿದ್ದೆ. ನಿಮ್ಮ ಕೋಣೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಗೊರೇಬಾಳದ ಹೊನ್ನೂರಮ್ಮ ಎಂಬಾಕೆ ನಾಟಿ ಕೆಲಸ ಬಿಟ್ಟು ಮೊಮ್ಮಗಳನ್ನು ಕರೆತಂದಿದ್ದಳು. ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ನನ್ನನ್ನೂ ಅಲ್ಲಿಯವನೇ ಎಂದುಕೊಂಡು ಹೇಳಿದಳು: "ನಮ್ಮ ಹುಡುಗಿ ತನ್ನ ಹೆಸರು ತಾನ ಓದ್ಯಾಳ್ರೀ. ಈ ಟೀಚರನ್ನ ಯಾರೂ ಒಯ್ಯದಿದ್ರ ಸಾಕ್ರೀ."

ಅರ್ಜಿ ಕಿಸೆಯಲ್ಲೇ ಉಳಿಯಿತು. ನಿಮಗೆ ಮುಖ ತೋರಿಸದೆ ಹಿಂತಿರುಗಿದೆ. ಇದನ್ನು ಒಳ್ಳೆಯತನ ಎನ್ನಬೇಡಿ, ನನ್ನ ಮಗಳ ಪಾಲಿಗೆ ಇದು ಅನ್ಯಾಯ. ಸಾಕಾಗಿದೆ ಟೀಚರ್. ಎಷ್ಟು ಎಳೆದರೂ ಒಂದೇ ಕೌದಿ, ಯಾರದೋ ಕಾಲು ಹೊರಗೆ.

ಟೀಚರ್ ಬರುವುದಿಲ್ಲ ಎಂದಾಗ ದುರ್ಗಾ ಅಳಲಿಲ್ಲ. ರವೆಯ ತಟ್ಟೆ ತಂದು ನನ್ನ ಮುಂದಿಟ್ಟು, "ಹಂಗಾರ ನೀನ ಕಲಿಸು" ಎಂದಳು. ಎಲ್ಲಿಂದ ಶುರು ಮಾಡಬೇಕೋ ನನಗೆ ತಿಳಿಯದು. ಅದನ್ನೊಂದು ನಾಲ್ಕು ಸಾಲು ಬರೆದು ಕಳಿಸಿ.

ಆ ಮಕ್ಕಳೆಲ್ಲ ಓದುವಂತಾಗಲಿ, ನಿಮ್ಮ ಮೈಗೆ ಶಕ್ತಿಯಿರಲಿ. ಲಕೋಟೆಯಲ್ಲಿ ಇನ್ನೊಂದು ಹಾಳೆಯಿದೆ. ಸಿಕ್ಕಿದ ಕಾಗದ ಎತ್ತಿಕೊಂಡು ದುರ್ಗಾ ಅದರ ಮೇಲೆ ನಿಮ್ಮ ಹೆಸರು ಬರೆದಿದ್ದಾಳೆ, ಕೊನೆಯ ಅಕ್ಷರ ಅರ್ಧಕ್ಕೇ ನಿಂತಿದೆ. ಅದು ಹದಿನೇಳು ಸಹಿಯ ಆ ಹೊಸ ಅರ್ಜಿಯ ಹಿಂಬದಿ. ದಯವಿಟ್ಟು ಮಗುಚಿ ನೋಡಬೇಡಿ.

ನಿಮ್ಮ ಋಣದಲ್ಲಿರುವ,
ದುರ್ಗಾಳ ಅಪ್ಪ