ರಾಣಿ ಕ್ಷಮಿಸಲಿಲ್ಲ

ಕಾಲೇಜು ಹಾಸ್ಟೆಲ್, ರೂಮ್ ೧೪
ಮಾರ್ಚ್ ೧೧, ಮಂಗಳವಾರ

ಅಣ್ಣಾ,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಕುತ್ತಿಗೆ ನೋವು ಹೇಗಿದೆ? ಎಡಿಟಿಂಗ್‌ಗೆ ಕೂತು ಕೂತು ಬಂದದ್ದೆಂದು ಅಮ್ಮ ತಿಳಿಸಿದಳು. ಕಡಿಮೆಯಾಗಲಿ, ಆದರೆ ಅವಸರವೇನಿಲ್ಲ. ನನಗೆ ಎರಡು ದಿನದಿಂದ ಊಟ ಸೇರುತ್ತಿಲ್ಲ. ನಾಳೆ ಇಂಟರ್ನಲ್ಸ್ ಪರೀಕ್ಷೆ ಇದೆ, ಪುಸ್ತಕ ತೆರೆದರೆ ನೀನು ಕತ್ತರಿಸಿದ ಸಿನಿಮಾನೇ ಕಾಣುತ್ತದೆ. ಮೊನ್ನೆ ಇದನ್ನೆಲ್ಲ ಮೆಸೇಜ್ ಮಾಡಿದ್ದಕ್ಕೆ ನೀನು ಎತ್ತಿದ ಹೆಬ್ಬೆರಳಿನ ಚಿತ್ರ ಕಳಿಸಿದೆ. ಹದಿನೆಂಟು ವರ್ಷದಲ್ಲಿ ನೀನು ಕಲಿತ ಸನ್ನೆ ಅದೊಂದೇ. ಅದಕ್ಕೇ ಈ ಕಾಗದ. ಕಾಗುಣಿತ ತಪ್ಪಿದ್ದರೆ ಸಹಿಸಿಕೊ. ಹಾಸ್ಟೆಲ್ ಶಾಲೆಯಲ್ಲಿ ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ಮಿಕ್ಕಿದ್ದೆಲ್ಲ ಕೈಯಲ್ಲೇ ಕಲಿತವಳು ನಾನು.

"ಕಿವಿ ಕೇಳದ ನನ್ನ ತಂಗಿ ರಾಣಿ ಪಾರ್ಟ್ ಮಾಡ್ತಾಳೆ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನೀನೇ. ನಮ್ಮ ತಂಡದ ಸಿನಿಮಾವನ್ನು ಎಡಿಟ್ ಮಾಡಿಕೊಡುತ್ತೇನೆಂದು ಮುಂದೆ ಬಂದವನೂ ನೀನೇ. ನಾವು ಸಿನಿಮಾ ಮಾಡಿದ ನಾಟಕ ನೂರಾರು ವರ್ಷದ್ದು, ಸರಿ. ಅನುಮಾನಪಟ್ಟು ಹೆಂಡತಿಯನ್ನು ಹೊರದಬ್ಬಿದ ರಾಜ ಕೊನೆಗೆ ಬಂದು ಕೈಮುಗಿಯುತ್ತಾನೆ, ರಾಣಿ ಕಣ್ಣೊರೆಸಿಕೊಂಡು ಕ್ಷಮಿಸುತ್ತಾಳೆ. ನಾವು ಅದನ್ನು ಹಾಗೇ ಮಾಡಲು ಹೊರಟಿರಲಿಲ್ಲ. ಗಾಲಿಕುರ್ಚಿಯ ನಮ್ಮ ರಾಜ ಮೊದಲ ದಿನವೇ "ಸಿಂಹಾಸನ ನಾನೇ ತಂದಿದ್ದೀನಿ, ನಿಮಗೆ ಆ ಚಿಂತೆ ಬೇಡ" ಎಂದ. ಊರುಗೋಲಿನ ಡೈರೆಕ್ಟರ್ ಮೇಡಂ "ಅಯ್ಯೋ ಪಾಪ ಅನ್ನೋರು ಈಗಲೇ ಎದ್ದು ಹೋಗ್ಲಿ" ಎಂದರು. ರಾಣಿಯ ಕೊನೆಯ ಮಾತನ್ನು ಸನ್ನೆಯಲ್ಲಿ ಕಟ್ಟಲು ಮೂರು ವಾರ ಜಗಳವಾಡಿದೆವು. ಅಂಗೈ ಮೇಲೆ ಅಂಗೈ ಪೂರ್ತಿ ಸವರಿದರೆ 'ಕ್ಷಮಿಸಿದೆ'. ಸವರುತ್ತಾ ಅರ್ಧಕ್ಕೇ ಕೈ ಕಿತ್ತುಕೊಂಡರೆ 'ಕ್ಷಮಿಸಲಾರೆ'. ನಾನು ಕಿತ್ತುಕೊಂಡೆ.

ನೀನು ಏನು ಮಾಡಿದೆ? ಸರಿಯಾಗಿ ಅಲ್ಲೇ ನನ್ನ ಮುಖವನ್ನು ಪರದೆ ತುಂಬ ಹಿಗ್ಗಿಸಿದೆ. ಕೈಗಳು ಫ್ರೇಮಿನ ಹೊರಗೆ. ಕೆಳಗೆ ಹಳೆಯ ನಾಟಕದ ಪುಸ್ತಕದಿಂದ "ಕ್ಷಮಿಸಿದೆ, ಸ್ವಾಮಿ" ಎಂದು ಅಕ್ಷರ ಹಾಕಿದೆ. ಸಾಲದೆಂದು ಯಾರಿಂದಲೋ ದನಿ ಬೇರೆ ಕೊಡಿಸಿದೆ. ರೂಮ್‌ಮೇಟ್ ಅದನ್ನು ಕೇಳಿ "ಜೇನು ಸುರಿದ ಹಾಗಿದೆ ಕಣೇ" ಎಂದು ಬರೆದು ತೋರಿಸಿದಳು. ಅವಳ ಜೊತೆಗೂ ಮಾತು ಬಿಟ್ಟಿದ್ದೇನೆ. ಮೇಡಂ ವಿಚಾರಿಸಿದರೆ "ಮುಖದಲ್ಲೇ ಎಲ್ಲಾ ಬಂದ್ಬಿಟ್ಟಿದೆ ಮೇಡಂ, ಕೈ ಯಾಕೆ" ಎಂದೆಯಂತೆ. ಕೈ ಯಾಕೆ! ನಿನ್ನ ಬಾಯಿಗೆ ಬಟ್ಟೆ ಕಟ್ಟಿ, ಕಣ್ಣಲ್ಲೇ ಎಲ್ಲಾ ಬಂದಿದೆ ಬಿಡು ಎಂದರೆ ಹೇಗಿರುತ್ತದೆ? ನನ್ನ ಕಣ್ಣಲ್ಲಿ ನೀರಿತ್ತು, ಒಪ್ಪುತ್ತೇನೆ. ಸಿಟ್ಟಿಗೂ ನೀರು ಬರುತ್ತದೆ ಅಣ್ಣಾ. ಚಿಕ್ಕಂದಿನಿಂದ ನಿನ್ನದು ಇದೇ ಆಯಿತು. ನೆಂಟರು ನನ್ನನ್ನು ಏನಾದರೂ ಕೇಳಿದರೆ, ನಾನು ಕೈ ಎತ್ತುವ ಮೊದಲೇ "ಅವಳು ಹೂಂ ಅಂತಿದಾಳೆ" ಎಂದುಬಿಡುತ್ತಿದ್ದೆ. ಎಷ್ಟು ಸಲ ನಾನು ಹೂಂ ಅಂದಿರಲೇ ಇಲ್ಲ, ಗೊತ್ತಾ ನಿನಗೆ?

ಅಮ್ಮನಿಗೆ ನಮಸ್ಕಾರ. ನಿನ್ನ ಪಾಲಿನ ನಮಸ್ಕಾರವನ್ನು ಇಂಟರ್ನಲ್ಸ್ ಮುಗಿದ ಮೇಲೆ ಯೋಚಿಸಿ ಕಳಿಸುತ್ತೇನೆ.

ನಿನ್ನ ತಂಗಿ

ತಾ.ಕ.: ಶುಕ್ರವಾರದ ಷೋಗೆ ಮೊದಲು ಆ ಶಾಟ್ ಬದಲಾಯಿಸು. ನನ್ನ ಕೈ ಕಾಣಬೇಕು, ಆ ದನಿ ಹೋಗಬೇಕು. ಇಲ್ಲವೆಂದರೆ ಪ್ರೊಜೆಕ್ಟರ್‌ನವರ ಹತ್ತಿರ ಮಾತಾಡಿದ್ದಾಗಿದೆ: ಆ ಜಾಗ ಬಂದ ತಕ್ಷಣ ಸಿನಿಮಾ ನಿಲ್ಲಿಸಿ ಲೈಟ್ ಹಾಕುತ್ತಾರೆ, ನಾನು ಪರದೆ ಮುಂದೆ ನಿಂತು ನನ್ನ ಮಾತನ್ನು ನಾನೇ ಆಡುತ್ತೇನೆ. ನೀನು ಕೂತಲ್ಲಿಂದಲೇ "ಬೇಡ, ನಿಲ್ಲಿಸು" ಎಂದು ಎಷ್ಟು ಜೋರಾಗಿ ಬೇಕಾದರೂ ಕೂಗಿಕೊ. ನನಗೇನೂ ತೊಂದರೆಯಿಲ್ಲ.